ನೆರೆಹೊರೆಯ ಶೋಧವೂ ಚರಿತ್ರೆಯ ಆಕರವೂ: ಉಯ್ಯಂಬಳ್ಳಿಯನ್ನು ಕುರಿತ ಒಂದು ವಿಮರ್ಶೆ

ಸ್ಥಳನಿರ್ದೇಶವು ಚರಿತ್ರೆಯ ಅಭ್ಯಾಸಿಗೆ ಹೊಸತಲ್ಲ. ದಾನಶಾಸನಗಳು ಭೂಮಿಯ ಚತುಸ್ಸೀಮೆಯನ್ನು ಕೆರೆ, ಕಲ್ಲು, ಮರ, ಹಳ್ಳಗಳ ಮೂಲಕ ಗುರುತಿಸುತ್ತಿದ್ದವು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವು ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದೂ ಯಾವ ಗ್ರಾಮದಲ್ಲಿ ಎಲ್ಲಿದೆಯೆಂಬುದನ್ನು ತಿಳಿಸುತ್ತದೆ. ಈಗ ಆ ಕಾರ್ಯವನ್ನು ಕೈಯಲ್ಲಿರುವ ಮೊಬೈಲೇ ಮಾಡಬಲ್ಲುದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರುತ್ತಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಈ ಸಾಧನದ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. 2005ರಲ್ಲಿ ಗೂಗಲ್ ನಕ್ಷೆ ಬಂದಿತು. 2008ರಲ್ಲಿ ಆರಂಭವಾಗಿ 2017ರಲ್ಲಿ ನಿಂತ ಮ್ಯಾಪ್ ಮೇಕರ್ ಎಂಬ ವ್ಯವಸ್ಥೆಯಲ್ಲಿ ಸಾಮಾನ್ಯರೇ ತಮ್ಮ ಊರಿನ ದಾರಿ, ಗುಡಿ, ಶಾಲೆಗಳನ್ನು ಗುರುತಿಸಿದರು. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೂ ಅದರಾಚೆಯ ಮೇಕೆದಾಟಿಗೂ ಹೊರಟ ಯಾತ್ರಿಕನಿಗೆ ಇಂದು ದಾರಿ ಕೇಳುವ ಶ್ರಮವಿಲ್ಲ. ನಿಂತ ನೆಲದ ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಆಪ್ ರೈತನಿಗೂ ಸಂಶೋಧಕನಿಗೂ ಸಮಾನವಾಗಿ ನೆರವಾಗುತ್ತದೆ.

ಆದರೆ ಉಪಯುಕ್ತವಾದುದೆಲ್ಲವೂ ಆಕರವಾಗಲಾರದು. ಸಮೀಪದ ಸ್ಥಳಗಳನ್ನು ತೋರಿಸುವಾಗ ಪ್ರಶ್ನೆಗೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರನ್ನು ಪರಿಗಣಿಸುವುದಾಗಿ ಗೂಗಲ್ ಸಂಸ್ಥೆಯೇ ಹೇಳಿಕೊಂಡಿದೆ. ಗಿರಾಕಿಗಳ ಅಭಿಪ್ರಾಯಗಳ ಸಂಖ್ಯೆಯೂ ಪ್ರಸಿದ್ಧಿಯ ಒಂದು ಅಳತೆ. ಆದುದರಿಂದ ಹೆದ್ದಾರಿಯ ಹೋಟೆಲು ಮುಂದೆ ಬರುತ್ತದೆ. ಯಾರೂ ಅಭಿಪ್ರಾಯ ಬರೆಯದ ಕಟ್ಟೆ, ಕುಂಟೆ, ವೀರಗಲ್ಲುಗಳು ಹಿಂದೆ ಸರಿಯುತ್ತವೆ. ಹಿಂದಿನ ದಾಖಲೆಗಳೂ ನಿಷ್ಪಕ್ಷಪಾತವಾಗಿರಲಿಲ್ಲ. ಸರ್ಕಾರದ ಕಣ್ಣು ಕಂದಾಯದ ಮೇಲಿತ್ತು. ಆದರೂ ಕಂದಾಯದ ಪಟ್ಟಿಯು ಜನವಸತಿಯಿಲ್ಲದ ಬೇಚಿರಾಕ್ ಗ್ರಾಮವನ್ನೂ ಬಿಡದೆ ಎಣಿಸಿತು. ಗಿರಾಕಿಯ ದೃಷ್ಟಿಗೆ ಅಂತಹ ಗ್ರಾಮವು ಇಲ್ಲದಂತೆಯೇ ಸರಿ.

ಎರಡನೆಯ ತೊಡಕು ಹೆಸರುಗಳದು. ಕನಕಪುರವು ಹಿಂದೆ ಕಾನಕಾನಹಳ್ಳಿ, ರಾಮನಗರವು ಕ್ಲೋಸ್‌ಪೇಟೆ. ಉಯ್ಯಂಬಳ್ಳಿಯು ನಿಂತಲ್ಲೇ ನಿಂತಿದ್ದರೂ 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿತು. 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಬೆಂಗಳೂರು ದಕ್ಷಿಣವೆಂಬುದು ಬೆಂಗಳೂರು ನಗರ ಜಿಲ್ಲೆಯ ಒಂದು ತಾಲ್ಲೂಕಿಗೂ ಒಂದು ಲೋಕಸಭಾ ಕ್ಷೇತ್ರಕ್ಕೂ ಹೆಸರು. ಕನಕಪುರವಾದರೋ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಹಳೆಯ ದಾಖಲೆಯ ಕಾನಕಾನಹಳ್ಳಿಯೇ ಇಂದಿನ ಕನಕಪುರವೆಂದು ಅರಿಯದ ವಿದ್ಯಾರ್ಥಿಯು, ಶೋಧದಲ್ಲಿ ಉತ್ತರ ದೊರೆಯದಿದ್ದರೆ ದಾಖಲೆಯೇ ಇಲ್ಲವೆಂದು ತೀರ್ಮಾನಿಸುವ ಅಪಾಯವಿದೆ.

ಎಲ್ಲಕ್ಕಿಂತ ಗುರುತರವಾದ ದೋಷ ಇನ್ನೊಂದು. ರೈಸ್ ಅವರ ಸಂಪುಟದಲ್ಲಿ ತಪ್ಪಿದ್ದರೆ ಆ ತಪ್ಪಿಗೂ ವರ್ಷವುಂಟು, ಪುಟವುಂಟು. ಮುಂದಿನವರು ಅದನ್ನು ತೋರಿಸಿ ತಿದ್ದಬಹುದು. ನೆರೆಹೊರೆಯ ಶೋಧಕ್ಕೆ ಆವೃತ್ತಿಯೆಂಬುದಿಲ್ಲ. ಅದೇ ಪ್ರಶ್ನೆಗೆ ಕನಕಪುರದಲ್ಲಿ ನಿಂತವನಿಗೆ ದೊರೆತ ಉತ್ತರ ಉಯ್ಯಂಬಳ್ಳಿಯಲ್ಲಿ ನಿಂತವನಿಗೆ ದೊರೆಯದು. ಇಂದಿನ ಉತ್ತರ ನಾಳೆಗೆ ಉಳಿಯದು. 2004ರಲ್ಲಿ ಪ್ರಾರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರತಿಯೊಂದು ತಿದ್ದುಪಡಿಯ ಇತಿಹಾಸವನ್ನೂ ಉಳಿಸಿಕೊಳ್ಳುತ್ತದೆಂಬುದು ಸಮಾಧಾನದ ಸಂಗತಿ. ಆದರೆ ಜನರು ಹೆಚ್ಚಾಗಿ ಬಳಸುವುದು ಅದನ್ನಲ್ಲ. ಹೀಗಾಗಿ 1905ರ ಕಾನಕಾನಹಳ್ಳಿ ತಾಲ್ಲೂಕಿನ ಶಾಸನಗಳ ಬಗೆಗೆ ಸಾಕ್ಷ್ಯವಿದ್ದು, ನಮ್ಮದೇ ಕಾಲದ ಉಯ್ಯಂಬಳ್ಳಿಯ ಅಂಗಡಿ ಬೀದಿಯ ಬಗೆಗೆ ಸಾಕ್ಷ್ಯವಿಲ್ಲದ ವಿಪರೀತ ಸ್ಥಿತಿ ಒದಗಬಹುದು.

ಆದುದರಿಂದ ಶೋಧಯಂತ್ರವನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಮತವಲ್ಲ. ಶಾಸನಕ್ಕೆ ಅನ್ವಯಿಸುವ ಪರೀಕ್ಷೆಯನ್ನು ಅದಕ್ಕೂ ಅನ್ವಯಿಸಬೇಕೆಂಬುದಷ್ಟೇ. ಬರೆಸಿದವರು ಯಾರು, ಯಾವಾಗ, ಯಾವ ಉದ್ದೇಶದಿಂದ? ಕ್ಷೇತ್ರಕಾರ್ಯಕ್ಕೆ ತೆರಳುವ ವಿದ್ಯಾರ್ಥಿಯು ಕೇಳಿದ ಪ್ರಶ್ನೆ, ನಿಂತ ಸ್ಥಳ, ದಿನಾಂಕ, ದೊರೆತ ಉತ್ತರ ಇವನ್ನು ಬರೆದುಕೊಂಡು, ಊರಿನ ಹಿರಿಯರ ಮಾತಿನೊಡನೆಯೂ ಗ್ರಾಮನಕ್ಷೆಯೊಡನೆಯೂ ಹೋಲಿಸಿ, ಆ ಹಾಳೆಯನ್ನು ವಿಭಾಗಕ್ಕೆ ಒಪ್ಪಿಸಲಿ. ಹೋಬಳಿಗೊಂದು ಕಡತವಾದರೂ ಸಿದ್ಧವಾದರೆ ಮುಂದಿನ ಚರಿತ್ರೆಕಾರನು ನಮ್ಮನ್ನು ದೂರಲಾರನು.