'ಬೆಟ್ಟದ ಜೀವ'ದಲ್ಲಿ ಎರಡನೆಯ ಒಕ್ಕಲು

ದಕ್ಷಿಣ ಕನ್ನಡದ ಕೆಲವು ಮನೆಗಳಲ್ಲಿ ಗೃಹಪ್ರವೇಶಕ್ಕೆ 'ಮನೆಯೊಕ್ಕಲು' ಎಂಬ ಮಾತುಂಟು. ಒಕ್ಕಲು ಎಂದರೆ ಕುಟುಂಬ; ಗೇಣಿಗೆ ನೆಲ ಹಿಡಿದವನೂ ಒಕ್ಕಲೇ. ಹೊಸ ಮನೆಯಲ್ಲಿ ಹಾಲುಕ್ಕಿಸಿ ನೆಲಸುವುದಕ್ಕೂ ಪರರ ಭೂಮಿಯಲ್ಲಿ ಬಾಳುವುದಕ್ಕೂ ನಮ್ಮ ಭಾಷೆಯು ಒಂದೇ ಶಬ್ದವನ್ನು ಕೊಟ್ಟಿದೆ. ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ 'ಬೆಟ್ಟದ ಜೀವ'ವನ್ನು ಈ ಎರಡು ಅರ್ಥಗಳನ್ನೂ ನೆನಪಿನಲ್ಲಿಟ್ಟು ಓದಬೇಕೆಂದು ನಮ್ಮ ಅಭಿಪ್ರಾಯ.

ವಾಚಕರು ಸಾಮಾನ್ಯವಾಗಿ ಹಾಗೆ ಓದುವುದಿಲ್ಲ. ಕುಮಾರಪರ್ವತದ ನೆರಳಿನಲ್ಲಿ, ಕಾಡಿನೊಡನೆ ಹೋರಾಡಿ ಕೆಳಬೈಲಿನಲ್ಲಿ ತೋಟವನ್ನೆಬ್ಬಿಸಿದ ಗೋಪಾಲಯ್ಯನವರೇ ಎಲ್ಲರ ಕಣ್ಣನ್ನೂ ತುಂಬುತ್ತಾರೆ. ಅವರ ಮಾತಿನ ಸೊಗಸು, ಶಂಕರಮ್ಮನವರೊಡನೆ ಅವರು ಆಡುವ ವಿನೋದ, ದಾರಿ ತಪ್ಪಿ ಬಂದ ಅಪರಿಚಿತನಿಗೆ ನಡೆಯುವ ಉಪಚಾರ, ಇವುಗಳಿಗೆ ಮನಸೋಲದವರು ವಿರಳ. ಪಿ. ಶೇಷಾದ್ರಿಯವರು ಇದನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ 58ನೆಯ ರಾಷ್ಟ್ರೀಯ ಪುರಸ್ಕಾರಗಳಲ್ಲಿ ಪರಿಸರ ಸಂರಕ್ಷಣೆಯ ವಿಭಾಗದ ಪ್ರಶಸ್ತಿ ದೊರೆಯಿತು. ಬೆಟ್ಟ, ಕಾಡು, ಮುದುಕ, ಇಷ್ಟರಲ್ಲೇ ಗ್ರಂಥವು ಮುಗಿಯಿತೆಂಬ ಭಾವನೆ ಇದರಿಂದ ಇನ್ನಷ್ಟು ಬಲಿಯಿತೋ ಏನೋ.

ಆದರೆ ಈ ಕಥೆಯಲ್ಲಿ ಇನ್ನೊಂದು ಸಂಸಾರವಿದೆ. ನಾರಾಯಣ ಮತ್ತು ಲಕ್ಷ್ಮಿ ಗೋಪಾಲಯ್ಯನವರ ಆಸರೆಯಲ್ಲಿ, ಅವರು ಒದಗಿಸಿದ ನೆಲದಲ್ಲಿ ಹೊಸದಾಗಿ ಬೇರೂರಬೇಕಾದವರು. ನಾರಾಯಣನು ಮೈಗಳ್ಳನಲ್ಲ. ಆದರೂ ಅವನ ಮನಸ್ಸು ಅಲ್ಲಿ ನಿಲ್ಲದು. ಕಾಡುಪ್ರಾಣಿಗಳು ತೋಟವನ್ನು ಹಾಳುಮಾಡುತ್ತವೆಂಬುದು ಅವನು ಎಲ್ಲರೆದುರು ಹೇಳಬಹುದಾದ ಕಾರಣ. ಹೇಳಲಾರದ ಕಾರಣ ಬೇರೆಯಿದೆ: ಮನೆಬಿಟ್ಟು ಹೋಗಿರುವ ಶಂಭು, ಹೆತ್ತ ಮಗ, ಒಂದು ದಿನ ಮರಳಿ ಬಂದರೆ ತನ್ನ ಗತಿಯೇನು?

ಈ ಅಂಜಿಕೆಯನ್ನು ಕ್ಷುದ್ರವೆನ್ನುವವರು ಆ ಸೀಮೆಯ ವ್ಯವಸಾಯವನ್ನು ನೋಡಬೇಕು. ಅಡಕೆಯ ಸಸಿಯು ಫಲಕ್ಕೆ ಬರಲು ಐದಾರು ವರ್ಷಗಳಿಗೆ ಕಡಮೆಯಿಲ್ಲ. ಆಮೇಲೆ ಅದು ಅರ್ಧ ಶತಮಾನದವರೆಗೂ ನಿಲ್ಲಬಲ್ಲುದು. ನೆಟ್ಟವನು ಉಣ್ಣುವನೆಂಬ ನಂಬಿಕೆಯಿಲ್ಲದೆ ಇಂಥ ಮರವನ್ನು ನೆಡಲು ಯಾರ ಕೈ ಮುಂದಾದೀತು? ಮೂಲಗೇಣಿಯವನಿಗೆ ನೆಲವು ತಲೆತಲಾಂತರಕ್ಕೂ ನಿಲ್ಲುತ್ತಿತ್ತು. ಚಾಲಗೇಣಿಯವನನ್ನು ಧಣಿಯು ಮನಸ್ಸು ಬಂದಾಗ ಎಬ್ಬಿಸಬಹುದಾಗಿತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲಷ್ಟೇ ಗೇಣಿದಾರನು ತಾನು ಉಳುವ ನೆಲದ ಹಕ್ಕಿಗಾಗಿ ಅರ್ಜಿ ಹಾಕುವಂತಾಯಿತು. ಕಾದಂಬರಿಯ ಕಾಲವು ಅದಕ್ಕಿಂತ ಬಹಳ ಹಿಂದಿನದು. ಗೋಪಾಲಯ್ಯನವರು ಪ್ರೀತಿಯ ಮನುಷ್ಯರು ನಿಜ. ಆದರೆ ಪ್ರೀತಿಯು ಪತ್ರವಲ್ಲವಷ್ಟೆ.

ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು (1936) ಪಕ್ಕದಲ್ಲಿಟ್ಟರೆ ಭೇದವು ಸ್ಪಷ್ಟವಾಗುತ್ತದೆ. ಹಿಸ್ಸೆಯಾದ ಮೇಲೆ ಹೂವಯ್ಯನು ತಾಯಿ ನಾಗಮ್ಮನವರೊಡನೆ ಕೆಳಕಾನೂರಿಗೆ ಬಂದು ನೆಲಸುತ್ತಾನೆ. ದೊಡ್ಡ ಮನೆಯನ್ನು ಬಿಟ್ಟು ಬಂದ ನೋವು ಅಲ್ಲಿ ಉಂಟು, ಚಂದ್ರಯ್ಯಗೌಡರ ಹಗೆಯೂ ಉಂಟು. ಆದರೆ ನೆಲವು ತನ್ನದೆಂಬ ವಿಷಯದಲ್ಲಿ ಹೂವಯ್ಯನಿಗೆ ಸಂದೇಹವಿಲ್ಲ, ಏಕೆಂದರೆ ಅದು ಅವನ ಪಾಲು. ನಾರಾಯಣನಿಗೆ ಹಗೆಗಳಿಲ್ಲ, ಪಾಲೂ ಇಲ್ಲ. ಅವನ ಸ್ಥಿತಿಯೇ ಹೆಚ್ಚು ಕಷ್ಟದ್ದೆಂದು ನಮಗೆ ತೋರುತ್ತದೆ. ವೈರಿಯೊಡನೆ ಜಗಳವಾಡಬಹುದು, ಮಗನಂತೆ ಕಾಣುವ ಹಿರಿಯರೊಡನೆ, 'ನಿಮ್ಮ ಮಗ ಬಂದರೆ ನಾನೇನಾಗಲಿ?' ಎಂದು ಕೇಳುವುದು ಹೇಗೆ?

ಇಲ್ಲಿಯೇ ಕಾರಂತರ ಹೆಚ್ಚುಗಾರಿಕೆಯಿದೆ. ಮಗನಿಗಾಗಿ ಕೊರಗುವ ಶಂಕರಮ್ಮನವರನ್ನು ಕಂಡ ವಾಚಕನು ಶಂಭು ಬೇಗ ಬರಲೆಂದು ಹಾರೈಸುತ್ತಾನೆ. ಆ ಹಾರೈಕೆಯು ನಾರಾಯಣನ ಸಂಸಾರವನ್ನು ಒಕ್ಕಲೆಬ್ಬಿಸುವ ಹಾರೈಕೆಯೂ ಆಗುತ್ತದೆಂಬುದು ಅವನಿಗೆ ತಡವಾಗಿ ಹೊಳೆಯುತ್ತದೆ. ಶಂಭುವಿನ ಚಿತ್ರಪಟವನ್ನು ನೋಡಿ ಗುರುತು ಹಿಡಿಯಲು ಯತ್ನಿಸುವ ಅತಿಥಿಯೂ ಅರಿಯದೆ ಇದೇ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾನೆ. ಒಂದು ಮನೆಗೆ ಶುಭವಾರ್ತೆಯಾದುದು ಇನ್ನೊಂದು ಮನೆಗೆ ಸಿಡಿಲು. ಇದಕ್ಕಾಗಿ ಕಾರಂತರು ಯಾರನ್ನೂ ದುಷ್ಟರನ್ನಾಗಿ ಮಾಡಲಿಲ್ಲ.

ಒಂದು ಕೊರತೆಯನ್ನು ಹೇಳದಿರಲಾಗದು. ಕಥೆಯನ್ನು ನಿರೂಪಿಸುವವನು ಅತಿಥಿ. ಕೆಲವು ದಿನ ಉಂಡು, ಬೆಟ್ಟಗಳನ್ನು ನೋಡಿ, ಹೊರಟುಹೋಗತಕ್ಕವನು. ಚಾವಡಿಯ ಮಾತು ಅವನಿಗೆ ಪೂರ್ತಿಯಾಗಿ ಕೇಳಿಸುತ್ತದೆ, ಅಡಿಗೆಯ ಮನೆಯದು ಅರ್ಧ. ಶಂಕರಮ್ಮನವರ ದುಃಖವು ಹೇಗೋ ಹೊರಕ್ಕೆ ಬರುತ್ತದೆ. ಆದರೆ ದಟ್ಟ ಕಾಡಿನ ನಡುವೆ ನೆರೆಹೊರೆಯಿಲ್ಲದ ಮನೆಯಲ್ಲಿ ದೀಪ ಹಚ್ಚಿದ ಲಕ್ಷ್ಮಿಗೆ, ಗಂಡನು ಹೊರಡೋಣವೆಂದಾಗ, ಹೋಗುವ ಮನಸ್ಸಿತ್ತೋ ಉಳಿಯುವ ಮನಸ್ಸಿತ್ತೋ? ಅವಳ ಒಳಮನಸ್ಸಿನ ಆ ಒಂದು ಅಧ್ಯಾಯವನ್ನು ಓದಲು ನಾವು ಎಷ್ಟು ಬೆಲೆಯನ್ನಾದರೂ ಕೊಟ್ಟೇವು.