ಆರು ಗಂಟೆಯ ವಾರ್ತೆಯೂ ಬಾಡಿಗೆ ಪತ್ತೇದಾರನೂ

ರೇಮಂಡ್ ಚಾಂಡ್ಲರ್ 1949ರಲ್ಲಿ ಪ್ರಕಟಿಸಿದ ‘ದಿ ಲಿಟಲ್ ಸಿಸ್ಟರ್’ ಕಾದಂಬರಿಯ ಗೋಜಲೆಲ್ಲ ಒಂದು ಫೋಟೊದ ಸುತ್ತ ಸುತ್ತುತ್ತದೆ. ಹಾಲಿವುಡ್‌ನಲ್ಲಿ ಆಗಷ್ಟೇ ಹೆಸರು ಮಾಡುತ್ತಿರುವ ನಟಿಯೊಬ್ಬಳು ಗೂಂಡಾ ನಾಯಕನ ಜೊತೆ ಊಟಕ್ಕೆ ಕೂತಿರುವ ಫೋಟೊ ಅದು. ಹೊರಗೆ ಬಂದರೆ ಅವಳ ಸಿನಿಮಾ ಬದುಕು ಅಲ್ಲಿಗೆ ಮುಗಿಯಿತು. ಖಾಸಗಿ ಪತ್ತೇದಾರ ಫಿಲಿಪ್ ಮಾರ್ಲೋ ಅದರ ಬೆನ್ನು ಹತ್ತಿ ಏಟು ತಿನ್ನುತ್ತಾನೆ, ಪೊಲೀಸರಿಂದ ಬೈಸಿಕೊಳ್ಳುತ್ತಾನೆ. ಇಷ್ಟೆಲ್ಲ ಪಾಡು ಪಟ್ಟು ಕೊನೆಗೆ ಅವನು ಮಾಡುವ ದೊಡ್ಡ ಕೆಲಸ ಯಾವುದು ಎಂದರೆ, ಬಾಯಿ ಮುಚ್ಚಿಕೊಂಡಿರುವುದು. ಹತ್ತು ವರ್ಷ ಹಿಂದಿನ ‘ದಿ ಬಿಗ್ ಸ್ಲೀಪ್’ನಲ್ಲೂ ಹಾಗೆಯೇ. ಹಾಸಿಗೆ ಹಿಡಿದ ಮುದಿ ಜನರಲ್‌ಗೆ ತನ್ನ ಮೆಚ್ಚಿನ ಅಳಿಯ ಸತ್ತಿದ್ದು ತಿಳಿಯದಂತೆ ನೋಡಿಕೊಳ್ಳುವವನು ಮಾರ್ಲೋನೇ. ಸತ್ಯವನ್ನು ಅಗೆದು ತೆಗೆ. ಆಮೇಲೆ ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ನೀನೊಬ್ಬನೇ ತೀರ್ಮಾನಿಸು. ಅಮೆರಿಕದ ಖಾಸಗಿ ಪತ್ತೇದಾರಿ ಪಂಥದ ನೀತಿ ಇಷ್ಟೇ.

ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಈ ಜಾತಿಯ ಪತ್ತೇದಾರ ಸ್ವಲ್ಪ ವಿಚಿತ್ರವಾಗಿ ಕಾಣುತ್ತಾನೆ. ಪುರುಷೋತ್ತಮನ ಜಗತ್ತಿನಲ್ಲಿ ರಹಸ್ಯ ಬಯಲಾದರೆ ಕಥೆ ಮುಗಿದಂತೆ, ಕಳ್ಳನಿಗೆ ಬೇಡಿ ಬಿದ್ದಂತೆ. ಮಾರ್ಲೋನ ಜಗತ್ತಿನಲ್ಲಿ ರಹಸ್ಯ ಬಯಲಾದ ಮೇಲೆಯೇ ಅಸಲಿ ತಲೆನೋವು ಶುರು. ದಿನಗೂಲಿಗೆ ದುಡಿಯುವ ಈ ಒಂಟಿ ಮನುಷ್ಯನಿಗೆ ಕೆಲಸ ಕೊಟ್ಟವರ ಮೇಲೂ ನಂಬಿಕೆಯಿಲ್ಲ, ಕಾನೂನಿನ ಮೇಲೂ ಇಲ್ಲ.

ಹಾಲಿವುಡ್ ಜೊತೆ ಈ ಪಂಥಕ್ಕೆ ಹೊಂದಾಣಿಕೆ ಸಲೀಸಾಗಿ ಕುದುರಿತು. ಸ್ಟುಡಿಯೊಗಳು ಸುಳ್ಳನ್ನು ತಯಾರಿಸುವ ಕಾರ್ಖಾನೆಗಳು, ಪತ್ತೇದಾರ ಆ ಸುಳ್ಳಿನ ಹಿಂಬಾಗಿಲಿನಿಂದ ಒಳಹೊಕ್ಕವನು. ರಾಸ್ ಮ್ಯಾಕ್‌ಡೊನಾಲ್ಡ್ 1956ರ ‘ದಿ ಬಾರ್ಬರಸ್ ಕೋಸ್ಟ್’ನಲ್ಲಿ ಇದೇ ದಾರಿಯಲ್ಲಿ ನಡೆದರು. ಆದರೆ ಎಪ್ಪತ್ತರ ದಶಕದ ಹೊತ್ತಿಗೆ ಅಮೆರಿಕದ ಊರೂರಿನಲ್ಲಿ ಇನ್ನೊಂದು ಕಾರ್ಖಾನೆ ತಲೆಯೆತ್ತಿತ್ತು, ಲೋಕಲ್ ಟಿ.ವಿ. ಕೇಂದ್ರ. ಈ ಕಾರ್ಖಾನೆಯ ಸರಕು ಸುಳ್ಳಲ್ಲ, ಸತ್ಯ. ಅಥವಾ ಸತ್ಯದ ಹೆಸರು ಹೊತ್ತ ಏನೋ ಒಂದು. ಪತ್ತೇದಾರನಿಗೆ ಇಕ್ಕಟ್ಟು ಶುರುವಾದದ್ದು ಇಲ್ಲಿ.

ಲೋಕಲ್ ಟಿ.ವಿ. ಅಂದರೆ ಕೇಬಲ್ ಆಪರೇಟರ್ ತನ್ನ ಬಡಾವಣೆಗೆ ಹುಟ್ಟುಹಬ್ಬದ ಶುಭಾಶಯ ಓಡಿಸುವ ಚಾನೆಲ್ ಅಲ್ಲ. ಅಮೆರಿಕದಲ್ಲಿ ಪ್ರಸಾರದ ಪರವಾನಗಿ ಸಿಗುವುದೇ ಒಂದೊಂದು ಊರಿನ ಕೇಂದ್ರಕ್ಕೆ. ರಾತ್ರಿಯ ಧಾರಾವಾಹಿಗಳು ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳಿಂದ ನೆಟ್‌ವರ್ಕ್ ಮೂಲಕ ಹರಿದು ಬಂದರೂ ಸಂಜೆ ಆರರ ವಾರ್ತೆ ಮಾತ್ರ ಊರಿನದೇ, ಕೇಂದ್ರದ ಹೊಟ್ಟೆ ತುಂಬಿಸುವುದೂ ಅದೇ. 1965ರಲ್ಲಿ ಫಿಲಡೆಲ್ಫಿಯಾದ ಅಲ್ ಪ್ರೈಮೊ ‘ಐವಿಟ್ನೆಸ್ ನ್ಯೂಸ್’ ಎಂಬ ಹೊಸ ರೂಪ ತಂದರು. ವರದಿಗಾರರೇ ತೆರೆಯ ಮೇಲೆ ಬಂದು, ಕಂಡದ್ದನ್ನು ತಾವೇ ಹೇಳತೊಡಗಿದರು. 1968ರಲ್ಲಿ ಅವರು ಅದನ್ನು ನ್ಯೂಯಾರ್ಕ್‌ಗೂ ಒಯ್ದರು. ಹಿಂದೆಯೇ ಸಲಹೆಗಾರರ ಕಂಪನಿಗಳು ಬಂದವು. ನಿರೂಪಕರ ಕೂದಲು ಹೇಗಿರಬೇಕು, ಎರಡು ಸುದ್ದಿಗಳ ನಡುವೆ ಎಷ್ಟು ನಗಬೇಕು ಎಂದೆಲ್ಲ ವೀಕ್ಷಕರನ್ನು ಕೂಡಿಹಾಕಿ ಕೇಳಿ ವರದಿ ಕೊಡತೊಡಗಿದವು. ವರ್ಷಕ್ಕೆ ನಾಲ್ಕು ಬಾರಿ, ಫೆಬ್ರುವರಿ, ಮೇ, ಜುಲೈ, ನವೆಂಬರ್ ತಿಂಗಳುಗಳಲ್ಲಿ ವೀಕ್ಷಕರ ಎಣಿಕೆ. ಜಾಹೀರಾತಿನ ದರ ನಿಲ್ಲುತ್ತಿದ್ದುದು ಆ ಎಣಿಕೆಯ ಮೇಲೆ. ಆ ತಿಂಗಳುಗಳಲ್ಲಿ ಎಲ್ಲ ಊರುಗಳಲ್ಲೂ ಹಗರಣಗಳು ಏಕಕಾಲಕ್ಕೆ ಪತ್ತೆಯಾಗುತ್ತಿದ್ದವು!

ತಮಾಷೆ ಒಂದು ಕಡೆಗಿರಲಿ, ನಿಜವಾದ ಪತ್ತೇದಾರಿಕೆಯೂ ಅಲ್ಲಿ ನಡೆಯುತ್ತಿತ್ತು. 1972ರಲ್ಲಿ ನ್ಯೂಯಾರ್ಕ್‌ನ ಲೋಕಲ್ ಕೇಂದ್ರದ ವರದಿಗಾರ ಜೆರಾಲ್ಡೊ ರಿವೇರಾ ಕ್ಯಾಮೆರಾ ಹೊತ್ತು ವಿಲ್ಲೋಬ್ರೂಕ್ ಎಂಬ ಸರ್ಕಾರಿ ಸಂಸ್ಥೆಯೊಳಗೆ ನುಗ್ಗಿದರು. ಬುದ್ಧಿಮಾಂದ್ಯ ಮಕ್ಕಳನ್ನು ಅಲ್ಲಿ ಇಟ್ಟಿದ್ದ ದುಃಸ್ಥಿತಿ ಮನೆಮನೆಯ ತೆರೆಯ ಮೇಲೆ ಬಂತು. ಮರುವರ್ಷ ಹ್ಯೂಸ್ಟನ್‌ನ ಮಾರ್ವಿನ್ ಜಿಂಡ್ಲರ್, ಟೆಕ್ಸಾಸ್‌ನಲ್ಲಿ ದಶಕಗಳಿಂದ ಎಲ್ಲರ ಕಣ್ಣೆದುರೇ ನಡೆಯುತ್ತಿದ್ದ ‘ಚಿಕನ್ ರ‍್ಯಾಂಚ್’ ಎಂಬ ವೇಶ್ಯಾಗೃಹದ ಮೇಲೆ ವರದಿ ಮಾಡಿ ಅದಕ್ಕೆ ಬೀಗ ಹಾಕಿಸಿದರು. ಟಿ.ವಿ.ಗೆ ಬರುವ ಮುನ್ನ ಜಿಂಡ್ಲರ್ ಷೆರೀಫ್ ಕಚೇರಿಯಲ್ಲಿದ್ದವರು. ಅಂದರೆ ಪತ್ತೇದಾರನ ಕೆಲಸ, ಅವನ ಹಠ, ಕೊನೆಗೆ ಅವನ ಹಿನ್ನೆಲೆ ಕೂಡ ಮೈಕ್ ಹಿಡಿದವನ ಪಾಲಾಗಿತ್ತು. ಹಾಗಾದರೆ ಬಾಡಿಗೆ ಪತ್ತೇದಾರ ಯಾತಕ್ಕೆ ಬೇಕು?

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕಾದಂಬರಿ ರಾಬರ್ಟ್ ಬಿ. ಪಾರ್ಕರ್ ಅವರ ‘ಎ ಸ್ಯಾವೇಜ್ ಪ್ಲೇಸ್’ (1981). ಪಾರ್ಕರ್ ಸಾಮಾನ್ಯ ಕಥೆಗಾರರಲ್ಲ. ಈ ಪಂಥದ ಲೇಖಕರಾದ ಹ್ಯಾಮೆಟ್, ಚಾಂಡ್ಲರ್, ಮ್ಯಾಕ್‌ಡೊನಾಲ್ಡ್ ಮೂವರ ಮೇಲೆ ಪಿಎಚ್.ಡಿ. ಮಾಡಿದ ಮೇಷ್ಟ್ರು. ಚಾಂಡ್ಲರ್ ಅರ್ಧಕ್ಕೆ ಬಿಟ್ಟ ಹಸ್ತಪ್ರತಿಯನ್ನು ಮುಂದೆ ಪೂರ್ತಿ ಮಾಡಿಕೊಟ್ಟವರೂ ಅವರೇ. 1973ರಿಂದ ಅವರು ಬರೆಯುತ್ತ ಬಂದ ಬಾಸ್ಟನ್‌ನ ಪತ್ತೇದಾರ ಸ್ಪೆನ್ಸರ್ ಅಡುಗೆ ಮಾಡುತ್ತಾನೆ, ಕವಿತೆ ಉದ್ಧರಿಸುತ್ತಾನೆ, ಸಮಯ ಬಂದಾಗ ಹಲ್ಲೂ ಉದುರಿಸುತ್ತಾನೆ. ಪಂಥದ ವ್ಯಾಕರಣವನ್ನು ಅರೆದು ಕುಡಿದವರ ಸೃಷ್ಟಿ ಅವನು.

ಈ ಕಾದಂಬರಿಯಲ್ಲಿ ಸ್ಪೆನ್ಸರ್ ಲಾಸ್ ಏಂಜಲೀಸ್‌ಗೆ ಹೋಗಿ ಕ್ಯಾಂಡಿ ಸ್ಲೋನ್ ಎಂಬ ಲೋಕಲ್ ಟಿ.ವಿ. ವರದಿಗಾರ್ತಿಗೆ ಅಂಗರಕ್ಷಕನಾಗುತ್ತಾನೆ. ಅವಳು ಸಿನಿಮಾ ಉದ್ಯಮದೊಳಕ್ಕೆ ಮಾಫಿಯಾದ ಹಣ ಹರಿಯುವ ದಾರಿ ಹುಡುಕುತ್ತಿದ್ದಾಳೆ. ಗಮನಿಸಿ, ಹುಡುಕುತ್ತಿರುವವಳು ಅವಳು, ಸ್ಪೆನ್ಸರ್ ಬರೀ ಬೆನ್ನ ಹಿಂದೆ ನಿಂತವನು. ಸಾಕ್ಷಿಯ ಜಾಡು ಹಿಡಿದವಳು ಅವಳು, ಯಾರ ಬಾಯಿ ಹೇಗೆ ಬಿಡಿಸಬೇಕೆಂದು ಲೆಕ್ಕ ಹಾಕುವವಳೂ ಅವಳೇ. ಚೆಂದದ ಮುಖ ಇರುವುದರಿಂದ ಕೇಂದ್ರದವರು ತನಗೆ ಹಗುರ ಸುದ್ದಿಯನ್ನಷ್ಟೇ ಕೊಡುತ್ತಾರೆ, ಈ ಒಂದು ವರದಿ ಕೈಗೂಡಿದರೆ ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದು ಅವಳ ಆಸೆ, ಸಂಕಟ ಎರಡೂ. ಪಾರ್ಕರ್ ಇಲ್ಲಿ ಸತ್ಯವನ್ನೇ ಮುಟ್ಟಿದ್ದಾರೆ. ಅದೇ 1981ರಲ್ಲಿ ಕಾನ್ಸಸ್ ಸಿಟಿಯ ನಿರೂಪಕಿ ಕ್ರಿಸ್ಟೀನ್ ಕ್ರಾಫ್ಟ್ ಅವರನ್ನು ಕೇಂದ್ರ ಆ ಕುರ್ಚಿಯಿಂದ ಇಳಿಸಿತು. ವಯಸ್ಸಾಗಿದೆ, ನೋಡಲು ಚೆನ್ನಾಗಿಲ್ಲ, ಗಂಡಸರಿಗೆ ತಗ್ಗಿ ನಡೆಯುವುದಿಲ್ಲ ಎಂದು ಸಮೀಕ್ಷೆಯ ಆಧಾರದ ಮೇಲೆ ತನಗೆ ಹೇಳಲಾಯಿತೆಂದು ಆಕೆ ಕೋರ್ಟಿನ ಮೆಟ್ಟಿಲೇರಿದರು. 1983ರಲ್ಲಿ ಜ್ಯೂರಿ 5 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಆದರೆ ಆ ತೀರ್ಪು ಉಳಿಯಲಿಲ್ಲ, 1986ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಮೇಲ್ಮನವಿಯನ್ನೇ ಕೈಗೆತ್ತಿಕೊಳ್ಳಲಿಲ್ಲ.

ಇಷ್ಟು ಬಲ್ಲ ಪಾರ್ಕರ್ ಆಮೇಲೆ ಮಾಡುವುದೇನು? ಕ್ಯಾಂಡಿಯನ್ನು ಕೊಲ್ಲಿಸುತ್ತಾರೆ. ಸ್ಪೆನ್ಸರ್ ಇಲ್ಲದ ಹೊತ್ತಿನಲ್ಲಿ ಒಬ್ಬಳೇ ಹೋದವಳು ಎಣ್ಣೆ ಬಾವಿಗಳ ಬಯಲಿನಲ್ಲಿ ಗುಂಡೇಟು ತಿಂದು ಬೀಳುತ್ತಾಳೆ. ಪಂಥದ ಅಭಿಮಾನಿಗಳು ಇದನ್ನು ಪಾರ್ಕರ್‌ರ ಧೈರ್ಯ ಎಂದು ಕೊಂಡಾಡುತ್ತಾರೆ. ಕಾಪಾಡಲು ಬಂದ ನಾಯಕ ಸೋತ, ಅದನ್ನು ಮುಚ್ಚಿಡದೆ ಬರೆದರು ಎಂಬ ವಾದ. ಹಿಂದಿನ ವರ್ಷದ ‘ಲುಕಿಂಗ್ ಫಾರ್ ರೇಚಲ್ ವಾಲೆಸ್’ನಲ್ಲಿ ಅಪಹರಣಗೊಂಡ ಸ್ತ್ರೀವಾದಿ ಲೇಖಕಿಯನ್ನು ಸ್ಪೆನ್ಸರ್ ಬಿಡಿಸಿ ತಂದದ್ದರ ಎದುರು ಇಟ್ಟರೆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ನನಗೆ ಒಪ್ಪಿಗೆಯಾಗುವುದಿಲ್ಲ. ಸೋಲು ಸ್ಪೆನ್ಸರ್‌ನದು ಎನ್ನುತ್ತೇವೆ, ಜೀವ ಹೋದದ್ದು ಕ್ಯಾಂಡಿಯದು. ಅವಳು ಹುಡುಕಿದ ಕಥೆಯ ಕೊನೆಯ ಅಧ್ಯಾಯ ಅವನ ಕೈಗೆ ಹೋಗುತ್ತದೆ. ಲೆಕ್ಕ ಚುಕ್ತಾ ಮಾಡುವವನು ಅವನು, ದುಃಖ ಅವನದು, ಮುಂದಿನ ಕಾದಂಬರಿಗಳಲ್ಲಿ ಆಗಾಗ ನೆನಪಾಗಿ ಕಾಡುವ ಗಾಯವೂ ಅವನದೇ. ಅವಳನ್ನು ಬರೀ ಮುಖವನ್ನಾಗಿ ನೋಡಿದ ಟಿ.ವಿ. ಕೇಂದ್ರವನ್ನು ಬೈದ ಕಾದಂಬರಿ, ಕೊನೆಗೆ ಅವಳನ್ನು ಗೋಡೆಗೆ ನೇತುಹಾಕಿದ ಫೋಟೊ ಮಾಡಿಬಿಡುತ್ತದೆ.

ಇದು ಪಾರ್ಕರ್ ಒಬ್ಬರ ತಪ್ಪಲ್ಲ. ಪಂಥದ ಒಳಗಟ್ಟೇ ಹಾಗಿದೆ. ಕ್ಯಾಂಡಿ ಬದುಕಿದ್ದರೆ ಆರು ಗಂಟೆಗೆ ತೆರೆಯ ಮೇಲೆ ಬಂದು ಇಡೀ ಊರಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಊರಿಗೆಲ್ಲ ತಿಳಿದ ಸತ್ಯವನ್ನು ಪತ್ತೇದಾರ ಯಾವ ಜೇಬಿನಲ್ಲಿ ಇಟ್ಟುಕೊಳ್ಳಲಿ? ಅವನ ಒಂಟಿತನ, ಮೌನ, ಕೊನೆಯ ಪುಟದ ಕಹಿ ಎಲ್ಲ ನಿಂತಿರುವುದು ಆ ಜೇಬಿನ ಮೇಲೆ. ಈ ಹೊರೆ ಇಲ್ಲದ ಸಿನಿಮಾ ಎರಡು ವರ್ಷ ಮೊದಲೇ ಬೇರೆ ದಾರಿ ಹಿಡಿದಿತ್ತು. ‘ದಿ ಚೈನಾ ಸಿಂಡ್ರೋಮ್’ನಲ್ಲಿ ಜೇನ್ ಫೋಂಡಾ ಮಾಡಿದ್ದೂ ಲಾಸ್ ಏಂಜಲೀಸ್‌ನ ಲೋಕಲ್ ವರದಿಗಾರ್ತಿಯ ಪಾತ್ರವನ್ನೇ, ಹಗುರ ಸುದ್ದಿಗೆ ಕಟ್ಟಿಹಾಕಲ್ಪಟ್ಟವಳ ಪಾತ್ರವನ್ನೇ. ಅಲ್ಲಿ ಸಾಯುವವನು ಅಣುಸ್ಥಾವರದ ಎಂಜಿನಿಯರ್. ಅವಳು ಕಣ್ಣೀರು ನುಂಗಿಕೊಂಡು ನೇರ ಪ್ರಸಾರದಲ್ಲಿ ಮಾತು ಮುಗಿಸುತ್ತಾಳೆ. 1979ರ ಮಾರ್ಚ್ 16ರಂದು ಆ ಚಿತ್ರ ತೆರೆಕಂಡ 12 ದಿನಕ್ಕೆ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ನಿಜವಾದ ಅಣು ಅವಘಡವೇ ಆಯಿತು.

ಟಿ.ವಿ. ಲೋಕವನ್ನು ಹೊಕ್ಕ ಉಳಿದ ಪತ್ತೇದಾರಿ ಕಥೆಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ವಿಲಿಯಂ ಡಿ ಆಂಡ್ರಿಯಾ ಅವರ ‘ಕಿಲ್ಡ್ ಇನ್ ದ ರೇಟಿಂಗ್ಸ್’ (1978) ಚುರುಕಾದ ಚೊಚ್ಚಲ ಕಾದಂಬರಿ, ಎಡ್ಗರ್ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಅದರ ನಾಯಕ ಮ್ಯಾಟ್ ಕಾಬ್ ನೆಟ್‌ವರ್ಕ್‌ನದೇ ಸಂಬಳದ ಅಧಿಕಾರಿ, ಮಾಲೀಕರ ಮಾನ ಕಾಯುವವನು. ಪಾರ್ಕರ್ 1990ರ ‘ಸ್ಟಾರ್‌ಡಸ್ಟ್’ನಲ್ಲಿ ಬಾಸ್ಟನ್‌ನಲ್ಲಿ ಚಿತ್ರೀಕರಣವಾಗುವ ಧಾರಾವಾಹಿಯೊಂದರ ನಟಿಯ ಹಿಂದೆ ಸ್ಪೆನ್ಸರ್‌ನನ್ನು ಓಡಿಸಿದರು. ಅಷ್ಟರಲ್ಲಿ ಸ್ಪೆನ್ಸರ್‌ನ ಮೇಲೆಯೇ ಬಾಸ್ಟನ್‌ನಲ್ಲಿ ಧಾರಾವಾಹಿ ಚಿತ್ರೀಕರಣವಾಗಿ, 1985ರಿಂದ 1988ರವರೆಗೆ ಪ್ರಸಾರವಾಗಿ ಮುಗಿದಿತ್ತು. ಕಾದಂಬರಿಯಲ್ಲಿ ಸೆಟ್‌ನ ಹರಟೆ ರುಚಿಯಾಗಿದೆ, ಕಥೆ ಸಪ್ಪೆ.

ಬದಲಾವಣೆ ಬಂದದ್ದು ಪಂಥದ ಪಕ್ಕದ ಬಾಗಿಲಿನಿಂದ. ಕ್ಯಾಂಡಿ ಸತ್ತ ಮರುವರ್ಷವೇ, 1982ರಲ್ಲಿ, ಸಾರಾ ಪರೆಟ್ಸ್ಕಿ ಮತ್ತು ಸೂ ಗ್ರಾಫ್ಟನ್ ತಮ್ಮ ತಮ್ಮ ಪತ್ತೇದಾರಿಣಿಯರನ್ನು ಕರೆತಂದರು. ಮಾರ್ಸಿಯಾ ಮುಲ್ಲರ್ 1977ರಲ್ಲೇ ಆ ಬಾಗಿಲು ತಟ್ಟಿದ್ದರು. ಹೆಣ್ಣು ಒಬ್ಬಳೇ ಹೋದರೆ ಸಾಯಲೇಬೇಕು ಎಂಬ ಕಟ್ಟು ಅಲ್ಲಿಗೆ ಮುರಿಯಿತು. ಟಿ.ವಿ. ವರದಿಗಾರ್ತಿಯೇ ಪತ್ತೇದಾರಿಣಿಯಾದದ್ದಕ್ಕೆ ಒಳ್ಳೆಯ ನಿದರ್ಶನ 2007ರಲ್ಲಿ ಸಿಕ್ಕಿತು. ಬಾಸ್ಟನ್‌ನ ಲೋಕಲ್ ಕೇಂದ್ರವೊಂದರಲ್ಲಿ ವರ್ಷಗಟ್ಟಲೆ ತನಿಖಾ ವರದಿಗಾರ್ತಿಯಾಗಿದ್ದ ಹ್ಯಾಂಕ್ ಫಿಲಿಪಿ ರಯಾನ್ ‘ಪ್ರೈಮ್ ಟೈಮ್’ ಬರೆದರು. ಅದರ ನಾಯಕಿ ಚಾರ್ಲಿ ಮೆಕ್‌ನಾಲಿ ನಲವತ್ತು ದಾಟಿದವಳು. ಮುಂದಿನ ಎಣಿಕೆಯ ತಿಂಗಳಿಗೆ ಒಳ್ಳೆಯ ಸುದ್ದಿ ಸಿಗದಿದ್ದರೆ ಕೆಲಸ ಹೋದೀತು, ತನಗಿಂತ ಚಿಕ್ಕವಳೊಬ್ಬಳು ತನ್ನ ಕುರ್ಚಿಯಲ್ಲಿ ಕೂತಾಳು ಎಂಬ ಅಂಜಿಕೆಯಲ್ಲೇ ಕೊಲೆಯ ಜಾಡು ಹಿಡಿಯುತ್ತಾಳೆ. ಅವಳಿಗೆ ಅಂಗರಕ್ಷಕನಿಲ್ಲ. ಸ್ಪೆನ್ಸರ್‌ನ ಕಚೇರಿ ಇದ್ದ ಊರೇ ಅದು, ಆದರೂ ಅವನ ಬಾಗಿಲು ತಟ್ಟುವ ಅಗತ್ಯ ಅವಳಿಗೆ ಬೀಳುವುದಿಲ್ಲ.

ರಯಾನ್‌ರ ಗದ್ಯ ಚಾಂಡ್ಲರ್‌ನ ಹತ್ತಿರಕ್ಕೂ ಬರುವುದಿಲ್ಲ. ನಗರದ ವಾಸನೆ, ರಾತ್ರಿಯ ತೂಕ ಅಲ್ಲಿಲ್ಲ. ಆದರೆ ಕೆಲಸದ ಒಳಗುಟ್ಟು ಇದೆ. ಎಡಿಟಿಂಗ್ ಕೋಣೆಯ ಗಡಿಬಿಡಿ, ನಿರ್ಮಾಪಕನ ಕಿರುಚಾಟ, ಮೇಕಪ್ಪಿನ ಕೆಳಗಿನ ಸುಕ್ಕು, ಇವನ್ನು ಒಳಗಿದ್ದವರೇ ಬರೆಯಬೇಕು. ಮಾರ್ಲೋಗೆ ಗಡುವು ಕೊಟ್ಟವರು ಯಾರೂ ಇಲ್ಲ. ಕಚೇರಿಯ ಮೇಜಿನ ಡ್ರಾಯರ್‌ನಲ್ಲಿ ಬಾಟಲಿಯ ಪಕ್ಕ ಸತ್ಯವನ್ನೂ ಇಟ್ಟುಕೊಂಡು ಇಡೀ ರಾತ್ರಿ ಯೋಚಿಸಬಲ್ಲವನು ಅವನು. ನಟಿ ಮತ್ತು ಗೂಂಡಾ ಕೂತಿದ್ದ ಆ ಹಳೆಯ ಫೋಟೊ ಚಾರ್ಲಿಯ ಕೈಗೆ ಸಿಕ್ಕಿದ್ದರೆ ಅವಳಿಗೂ ಅದನ್ನು ಬಚ್ಚಿಡಬೇಕು ಎನಿಸುತ್ತಿತ್ತೇನೋ. ಆದರೆ ಸಂಜೆ ಐದೂವರೆಯಾಗಿರುತ್ತಿತ್ತು, ನಿರ್ಮಾಪಕ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಿದ್ದ.