ಅಗ್ಗದ ರೈಫಲ್ಲಿನ ಜಮಾ-ಖರ್ಚು

ಅಮೆರಿಕೆಯಲ್ಲಿ ಬಿಡುವಿನ ವೇಳೆ ಕಾಗದದ ಗುರಿಗೆ ಗುಂಡು ಹಾರಿಸುವ ಹವ್ಯಾಸಿಗಳು ಕಡಮೆ ಬೆಲೆಯ ರೈಫಲ್ಲೊಂದನ್ನು ಕೊಂಡು, ಮನೆಯಲ್ಲಿಯೇ ಅದರ ಬಿಡಿಭಾಗಗಳನ್ನು ಬದಲಿಸಿ, ಫಲಿತಾಂಶವನ್ನು ಬರೆದು ಪ್ರಕಟಿಸುವ ಪರಿಪಾಠವುಂಟು. ಅನರ್ಥದಂಡವನ್ನು ವರ್ಜಿಸಬೇಕಾದ ಶ್ರಾವಕನಿಗೆ ಈ ಬರಹಗಳಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಶಸ್ತ್ರದ ಮೋಹ ನನಗಿಲ್ಲ. ಅಳತೆಯಲ್ಲಿ ಸತ್ಯವೆಷ್ಟು ಎಂಬ ಪ್ರಶ್ನೆಯೇ ನನ್ನನ್ನು ಅತ್ತ ಎಳೆದದ್ದು.

ಇಂತಹ ಪ್ರಯೋಗಗಳಿಗೆ ಹೆಸರಾದುದು 1964ರಲ್ಲಿ ಮಾರುಕಟ್ಟೆಗೆ ಬಂದ ರೂಗರ್ 10/22. ಇದು .22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾ ಹಾರಿಸುವ ಕೋವಿ. ನಳಿಗೆಯನ್ನು ಹಿಡಿದಿರುವುದು ಎರಡು ತಿರುಪುಗಳು, ಟ್ರಿಗರಿನ ಜೋಡಣೆಯನ್ನು ಹಿಡಿದಿರುವುದು ಎರಡು ಅಡ್ಡಮೊಳೆಗಳು. ಆದುದರಿಂದ ಸಾಮಾನ್ಯ ಸಲಕರಣೆಗಳಿಂದಲೇ ಇಡೀ ಕೋವಿಯನ್ನು ಬಿಚ್ಚಿ ಮರಳಿ ಕಟ್ಟಬಹುದು. ರಚನೆಯ ಈ ಸರಳತೆ ನಿಜವಾಗಿಯೂ ಮೆಚ್ಚತಕ್ಕದ್ದು.

ಆಕ್ಷೇಪವಿರುವುದು ಮೌಲ್ಯಮಾಪನದಲ್ಲಿ. 50 ಗಜಗಳಿಂದ ಐದು ಗುಂಡು ಹಾರಿಸಿ, ಪರಸ್ಪರ ಅತಿ ದೂರವಿರುವ ಎರಡು ರಂಧ್ರಗಳ ಅಂತರವನ್ನು ಅಳೆಯುವುದು ಸಾಮಾನ್ಯ ಕ್ರಮ. ಐದರಲ್ಲಿ ಮೂರು ರಂಧ್ರಗಳು ಈ ಅಳತೆಗೆ ಸಾಕ್ಷಿಗಳೇ ಅಲ್ಲ! ಅಷ್ಟಾದರೂ ಸರಿಯೆನ್ನೋಣ, ಆದರೆ ಅನೇಕ ಬರಹಗಳಲ್ಲಿ ಅಚ್ಚಾಗುವುದು ದಿನವಿಡೀ ಹಾರಿಸಿದ ಗುಂಪುಗಳ ಪೈಕಿ ಅತ್ಯಂತ ಚಿಕ್ಕದೊಂದು ಮಾತ್ರ. ದೀಪಾವಳಿಯ ದಿನದ ವ್ಯಾಪಾರವನ್ನು ತೋರಿಸಿ ಅಂಗಡಿಯನ್ನು ಮಾರಹೊರಟವನಿಗೂ ಇವರಿಗೂ ಭೇದವೇನು? ಗುಂಡುಗಳ ಸಂಖ್ಯೆಯಲ್ಲಿಯೂ ಮೋಸಹೋಗಲು ಎಡೆಯುಂಟು. ಮೂರು ಗುಂಡುಗಳ ಗುಂಪು ಸರಾಸರಿ 1 ಅಂಗುಲವಿದ್ದರೆ, ಅದೇ ಕೋವಿಯಿಂದ, ಅದೇ ಕೈಯಿಂದ ಐದು ಗುಂಡುಗಳದು ಸುಮಾರು 1.3 ಅಂಗುಲವೂ ಹತ್ತರದು ಸುಮಾರು 1.6 ಅಂಗುಲವೂ ಆಗುತ್ತದೆ. ಕೋವಿ ಕೆಟ್ಟಿತೆಂದಲ್ಲ, ಗುಂಡು ಹೆಚ್ಚಿದಷ್ಟೂ ದೂರ ಬೀಳುವ ಒಂದು ಸಿಕ್ಕುವ ಸಂಭವ ಹೆಚ್ಚು. ಮೂರು ಗುಂಡುಗಳಿಂದ ಹೊಗಳಿದ ಕೋವಿಯನ್ನು ಹತ್ತು ಗುಂಡುಗಳಿಂದ ತೆಗಳಿದ ಕೋವಿಯ ಪಕ್ಕದಲ್ಲಿಟ್ಟು ತೂಗುವುದು ಎರಡು ಬಗೆಯ ಸೇರುಗಳಲ್ಲಿ ಒಂದೇ ಧಾನ್ಯವನ್ನು ಅಳೆದಂತೆ.

ನಳಿಗೆ, ಟ್ರಿಗರ್, ದೂರದರ್ಶಕ ಮೂರನ್ನೂ ಒಂದೇ ದಿನ ಬದಲಿಸಿ, ಸುಧಾರಣೆಯ ಕೀರ್ತಿಯನ್ನು ನಳಿಗೆಗೆ ಕೊಡುವವರೂ ಇದ್ದಾರೆ. ಯಾವುದರಿಂದ ಎಷ್ಟು ಲಾಭವಾಯಿತೆಂದು ಇದರಿಂದ ತಿಳಿಯದು. ಟ್ರಿಗರ್ ಹಗುರವಾದರೆ ನಳಿಗೆಯ ನಿಖರತೆ ಹೆಚ್ಚದು, ಕೈಯ ಕದಲಿಕೆ ಕಡಮೆಯಾದೀತು. ಇವೆರಡೂ ಬೇರೆ ಬೇರೆ ಸಂಗತಿಗಳು. ಒಂದೊಂದು ಕೋವಿಗೆ ಒಂದೊಂದು ಬಗೆಯ ತೋಟಾ ಒಗ್ಗುವುದರಿಂದ, ಮೂಲ ನಳಿಗೆಯನ್ನೇ ಉಳಿಸಿಕೊಂಡು ನಾಲ್ಕೈದು ಬಗೆಯ ತೋಟಾಗಳನ್ನು ಪರೀಕ್ಷಿಸುವುದೇ ಮೊದಲ ಮಿತವ್ಯಯ. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡ ಬೆಲೆಯನ್ನು ಕೂಡಿಸದೆ, ಮೂಲ ಕೋವಿಯ ಬೆಲೆಯೊಂದನ್ನೇ ಹೇಳಿ 'ಅಗ್ಗ' ಎನ್ನುವುದು ಲೆಕ್ಕವಲ್ಲ.

ಖರ್ಚಿನ ಪಟ್ಟಿಯಿಂದ ಬಹುಶಃ ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದು ಗುರಿಯ ಹಿಂದಿನ ಮಣ್ಣಿನ ದಿಬ್ಬ. ಸುಮಾರು 2.6 ಗ್ರಾಂ ತೂಕದ ಈ ಸೀಸದ ಗುಂಡು, ತಡೆಯಿಲ್ಲದಿದ್ದರೆ ಒಂದು ಮೈಲಿಗಿಂತಲೂ ದೂರ ಹೋಗಬಲ್ಲದು. ಗುಂಪಿನ ಅಳತೆಯನ್ನು ಅಂಗುಲದ ಸಾವಿರದ ಭಾಗದವರೆಗೆ ಕೊಡುವ ವಿಮರ್ಶಕನು, ಗುರಿ ತಪ್ಪಿದ ಗುಂಡು ಎಲ್ಲಿ ನಿಂತಿತು ಎಂಬುದಕ್ಕೆ ಒಂದು ಸಾಲನ್ನೂ ಮೀಸಲಿಡದಿದ್ದರೆ, ಅವನ ವರದಿಯನ್ನು ನಾನು ಅಪೂರ್ಣವೆಂದೇ ಪರಿಗಣಿಸುತ್ತೇನೆ.